ಓದುಗರ ಪ್ರಶ್ನೆ: ನಮ್ಮೂರಿನ ಪಿನ್‌ಕೋಡ್ ಅವಿಭಾಜ್ಯ ಸಂಖ್ಯೆಯೇ?

ಪ್ರಶ್ನೆ: ನಮ್ಮ ಮನೆ ಮಂಗಳೂರಿನ ಹಂಪನಕಟ್ಟೆಯಲ್ಲಿ, ತವರು ಉಡುಪಿ. ಏಳನೇ ತರಗತಿಯ ಮಗಳು ಅಜ್ಜಿಗೆ ಕಾಗದ ಬರೆಯುತ್ತಾ ಲಕೋಟೆ ತೋರಿಸಿ ಕೇಳಿದಳು: ‘ಅಮ್ಮಾ, 575001, 576101 ಇವೆಲ್ಲ ಅವಿಭಾಜ್ಯ ಸಂಖ್ಯೆಗಳಾ?’ ಇಷ್ಟು ದೊಡ್ಡ ಸಂಖ್ಯೆಯನ್ನು ಎಲ್ಲಿಯವರೆಗೆ ಭಾಗಿಸುತ್ತಾ ಕೂರುವುದು?

ಉತ್ತರ: ವರ್ಗಮೂಲದವರೆಗೆ ಸಾಕು, ಅದೂ ಅವಿಭಾಜ್ಯ ಸಂಖ್ಯೆಗಳಿಂದ ಮಾತ್ರ. ಯಾಕೆಂದು ಆಮೇಲೆ ಹೇಳುತ್ತೇನೆ, ಮೊದಲು ಮಂಗಳೂರಿನದ್ದು ಮುಗಿಸಿಬಿಡೋಣ.

575001ರ ಅಂಕಿಗಳನ್ನು ಕೂಡಿ: 18. ಅಂದರೆ 9ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, ಅವಿಭಾಜ್ಯವಲ್ಲ. ಆದರೆ ಇಷ್ಟಕ್ಕೇ ಬಿಡಬೇಡಿ, ಮಗಳಿಗೆ ಇನ್ನೊಂದು ಉಪಾಯ ತೋರಿಸಿ. ಸಂಖ್ಯೆಯನ್ನು ಮೂರು ಮೂರು ಅಂಕಿಗಳಾಗಿ ಒಡೆದು ಕಳೆಯಿರಿ. 575ರಲ್ಲಿ 001 ಹೋದರೆ 574, ಅದು 7×82. ಹಾಗಾಗಿ 575001 ಕೂಡ 7ರಿಂದ ಭಾಗವಾಗಲೇಬೇಕು. 7×11×13 = 1001 ಆಗಿರುವುದರಿಂದ ಒಂದೇ ಕಳೆಯುವ ಲೆಕ್ಕದಲ್ಲಿ 7, 11, 13 ಈ ಮೂರೂ ಸಂಖ್ಯೆಗಳ ಪರೀಕ್ಷೆ ಆಗಿಹೋಗುತ್ತದೆ. ಇಂಥ ಚಂದದ ಉಪಾಯವನ್ನು ಮಕ್ಕಳಿಗೆ ಬೇಗ ಹೇಳಿಕೊಡಬೇಕು ಎಂದೇ ನನ್ನ ಆಸೆ. ಕೊನೆಗೆ ಸಿಗುವುದು 3×3×7×9127. ಈ 9127 ಮತ್ತೆ ಒಡೆಯುವುದಿಲ್ಲ.

ಉಡುಪಿಯದ್ದು ಸುಲಭಕ್ಕೆ ಬಗ್ಗುವುದಲ್ಲ. 576101ರ ಕೊನೆಯ ಅಂಕಿ 1, ಹಾಗಾಗಿ 2, 5 ಹೋಗುವುದಿಲ್ಲ. ಮೊತ್ತ 20, ಆದ್ದರಿಂದ 3 ಇಲ್ಲ. 576ರಲ್ಲಿ 101 ಕಳೆದರೆ 475; ಅದಕ್ಕೆ 7, 11, 13 ಯಾವುದೂ ಹೋಗುವುದಿಲ್ಲ.

ಈಗ ವರ್ಗಮೂಲಕ್ಕೆ ಬರೋಣ. 759×759 = 576081; 760×760 = 577600. ನಮ್ಮ ಸಂಖ್ಯೆ ಇವೆರಡರ ನಡುವೆ ಇದೆ. ಅಪವರ್ತನಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ. ಜೋಡಿಯಲ್ಲಿ ಎರಡೂ 760 ಅಥವಾ ಅದಕ್ಕಿಂತ ದೊಡ್ಡದಾದರೆ ಗುಣಲಬ್ಧ 577600ಕ್ಕಿಂತ ಕೆಳಗಿಳಿಯದು, 576101 ಬರುವುದೇ ಇಲ್ಲ. ಹಾಗಾಗಿ ಒಂದಾದರೂ 759ರ ಒಳಗೆ ಇರಲೇಬೇಕು. ಅಲ್ಲಿಯವರೆಗೆ ಹುಡುಕಿಯೂ ಸಿಗದಿದ್ದರೆ ಮುಂದೆಯೂ ಸಿಗುವುದಿಲ್ಲ. 759ರೊಳಗೆ ಅವಿಭಾಜ್ಯ ಸಂಖ್ಯೆಗಳು 134. ಆರು ಆಗಲೇ ಮುಗಿದವು, ಉಳಿದದ್ದು 128 ಭಾಗಾಕಾರ.

ಜಡಿಮಳೆಯ ಎರಡು ಸಂಜೆ ಜಗಲಿಯಲ್ಲಿ ಕೂತು ಪೆನ್ಸಿಲಿನಲ್ಲೇ ಅಷ್ಟೂ ಮಾಡಿದೆ. 19ಕ್ಕೆ ಶೇಷ 2, 89ಕ್ಕೆ 4, 353ಕ್ಕೆ 5. 631ರ ಹತ್ತಿರ ಬಂದಾಗ ಸಿಕ್ಕೇಬಿಟ್ಟಿತು ಅಂದುಕೊಂಡೆ: 631×913 = 576103. ಬರೀ ಎರಡು ಹೆಚ್ಚು! ಕೊನೆಯದು 757, ಶೇಷ 24.

ಪಿನ್‌ಕೋಡ್ 1972ರಲ್ಲಿ ಬಂದದ್ದು ಅಂಚೆ ವಿಂಗಡಣೆಗಾಗಿ. ಮೊದಲ 5 ನಮ್ಮ ವಲಯದ್ದು, ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿಯದು. ಪಕ್ಕದ ಮಣಿಪಾಲದ 576104 ಸಮಸಂಖ್ಯೆ, ನೋಡಿದ ಕೂಡಲೇ ತೀರ್ಮಾನ. ಆದರೆ ಅಜ್ಜಿಯ ಊರಿನ 576101 ಅಪ್ಪಟ ಅವಿಭಾಜ್ಯ. ಲಕೋಟೆ ಇನ್ನೂ ಅಂಟಿಸಿಲ್ಲವಾದರೆ ಕಾಗದದ ಕೊನೆಯಲ್ಲಿ ಮಗಳು ಇದನ್ನೂ ಬರೆಯಲಿ.