ದಯೆಯಿಂದ ಕಾಯಿದೆಗೆ: ಬ್ರಿಟನ್ನಿನ ಸಂಪ್ರದಾಯವಾದಿಗಳು ಸುಧಾರಣೆಗೆ ಒಲಿದ ಬಗೆ

ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದಲ್ಲಿ ನಾಯಕತ್ವದ ಪೈಪೋಟಿ ಶುರುವಾದಾಗಲೆಲ್ಲ ಬಡವರೂ ಶ್ರೀಮಂತರೂ ಸೇರಿ ‘ಒಂದೇ ರಾಷ್ಟ್ರ’ ಎಂಬ ಮಾತು ಕೇಳಿಬರುತ್ತದೆ. ಬಡವರಿಗಾಗಿ ಸರ್ಕಾರ ಇನ್ನಷ್ಟು ಖರ್ಚು ಮಾಡಬೇಕೆನ್ನುವವರೂ ಅದನ್ನು ಹೇಳುತ್ತಾರೆ, ತೆರಿಗೆ ಇಳಿಸಿ ಜನರನ್ನು ಅವರ ಪಾಡಿಗೆ ಬಿಡಬೇಕೆನ್ನುವವರೂ ಹೇಳುತ್ತಾರೆ. ಎರಡೂ ಬಣಗಳು ಹತ್ತೊಂಬತ್ತನೇ ಶತಮಾನದ ಕನ್ಸರ್ವೇಟಿವ್ ಪ್ರಧಾನಿ ಬೆಂಜಮಿನ್ ಡಿಸ್ರೇಲಿಯವರನ್ನೇ ಸಾಕ್ಷಿಗೆ ಕರೆಯುತ್ತವೆ. ಇದ್ದದ್ದನ್ನು ಉಳಿಸಿಕೊಳ್ಳಲೆಂದೇ ಹುಟ್ಟಿದ ಚಿಂತನೆಯೊಂದು ಕಾರ್ಖಾನೆಯ ದುಡಿಮೆಯ ಅವಧಿ, ಊರಿನ ಚರಂಡಿ, ಕೂಲಿಕಾರರ ವಸತಿಯಂಥ ವಿಷಯಗಳಿಗೆ ಕೈಹಾಕಿದ್ದು ಹೇಗೆಂದು ನೋಡದೆ ಈ ಜಗಳದ ತಲೆಬುಡ ತಿಳಿಯುವುದಿಲ್ಲ.

ಫ್ರಾನ್ಸಿನ ಕ್ರಾಂತಿಯನ್ನು ಕಟುವಾಗಿ ಟೀಕಿಸಿ 1790ರಲ್ಲಿ ಬರೆದ ಸಂಪ್ರದಾಯವಾದದ ಹಿರಿಯ ಚಿಂತಕ ಎಡ್ಮಂಡ್ ಬರ್ಕ್ ಅವರೇ, ಬದಲಾಗುವ ದಾರಿ ಇಲ್ಲದ ರಾಜ್ಯಕ್ಕೆ ತನ್ನನ್ನು ಉಳಿಸಿಕೊಳ್ಳುವ ದಾರಿಯೂ ಇರುವುದಿಲ್ಲ ಎಂದಿದ್ದರು. ಅದಕ್ಕಿಂತ ಹಳೆಯದು ಜಮೀನ್ದಾರಿ ಸಮಾಜದ ನಂಬಿಕೆ: ಒಡೆಯನಿಗೆ ಸ್ಥಾನಮಾನದ ಜೊತೆಗೆ ಹೊಣೆಯೂ ಇದೆ, ಮಕ್ಕಳನ್ನು ಸಾಕುವ ತಂದೆಯಂತೆ ಅವನು ತನ್ನ ಆಳುಕಾಳುಗಳನ್ನು ನೋಡಿಕೊಳ್ಳಬೇಕು. ಮಕ್ಕಳು ಮನೆಯ ಲೆಕ್ಕ ಕೇಳುವಂತಿಲ್ಲ ಎಂಬುದೂ ಅದೇ ನಂಬಿಕೆಯ ಭಾಗವಾಗಿತ್ತು. ಹತ್ತಿ ಗಿರಣಿಗಳು ಬಂದ ಮೇಲೆ ಈ ಏರ್ಪಾಡು ಕುಸಿಯಿತು. ಗಿರಣಿಯ ಧಣಿಗೂ ಕೂಲಿಯವನಿಗೂ ವಾರದ ಸಂಬಳದ ಹೊರತು ಬೇರೆ ನಂಟು ಉಳಿಯಲಿಲ್ಲ.

ಇದರ ವಿರುದ್ಧ ಮೊದಮೊದಲು ಗಟ್ಟಿಯಾಗಿ ದನಿ ಎತ್ತಿದವರಲ್ಲಿ ಅಪ್ಪಟ ಟೋರಿಗಳಿದ್ದರು (ಕನ್ಸರ್ವೇಟಿವ್ ಪಕ್ಷದವರ ಹಳೆಯ ಹೆಸರು ಟೋರಿ) ಎಂಬುದನ್ನು ಎರಡೂ ಕಡೆಯವರು ಮರೆಯುತ್ತಾರೆ. ಯಾರ್ಕ್‌ಷೈರಿನ ಗಿರಣಿಗಳಲ್ಲಿ ಮಕ್ಕಳ ಗುಲಾಮಗಿರಿ ನಡೆಯುತ್ತಿದೆ ಎಂದು ರಿಚರ್ಡ್ ಓಸ್ಟ್ಲರ್ 1830ರಲ್ಲಿ ಪತ್ರಿಕೆಗೆ ಬರೆದರು. ಮೈಕೆಲ್ ಸ್ಯಾಡ್ಲರ್ 1832ರಲ್ಲಿ ಸಂಸತ್ ಸಮಿತಿಯ ಮುಂದೆ ಕಾರ್ಮಿಕರಿಂದಲೇ ಸಾಕ್ಷ್ಯ ಹೇಳಿಸಿದರು. ಇಬ್ಬರೂ ಸಂಸತ್ತಿನ ಸುಧಾರಣೆಯ ವಿರೋಧಿಗಳು. ಹತ್ತು ಗಂಟೆಯ ದುಡಿಮೆಗಾಗಿ ಹೋರಾಡುವುದಕ್ಕೂ ದುಡಿಯುವವನ ಕೈಗೆ ಮತ ಕೊಡಲಾಗದು ಎನ್ನುವುದಕ್ಕೂ ನಡುವೆ ಅವರಿಗೆ ವಿರೋಧಾಭಾಸ ಕಾಣಲಿಲ್ಲ.

ಅವರ ಕೆಲಸವನ್ನು ಮುಂದುವರಿಸಿದವರು ಲಾರ್ಡ್ ಆಶ್ಲಿ, ಮುಂದೆ ಶಾಫ್ಟ್ಸ್‌ಬರಿಯ ಅರ್ಲ್ ಆದವರು. 1842ರಲ್ಲಿ ಹೊರಬಂದ ಗಣಿಗಳ ವರದಿಯಲ್ಲಿ ಚಿತ್ರಗಳಿದ್ದವು. ಐದಾರು ವರ್ಷದ ಮಕ್ಕಳು ಕತ್ತಲ ಸುರಂಗದಲ್ಲಿ ಒಂಟಿಯಾಗಿ ಕುಳಿತು, ಕಲ್ಲಿದ್ದಲ ಗಾಡಿ ಬಂದಾಗಲೆಲ್ಲ ಹಗ್ಗ ಎಳೆದು ಗಾಳಿಬಾಗಿಲು ತೆರೆಯುತ್ತಿದ್ದರು. ಹುಡುಗಿಯರು ಸೊಂಟಕ್ಕೆ ಪಟ್ಟಿ, ಕಾಲುಗಳ ನಡುವೆ ಸರಪಳಿ ಹಾಕಿಕೊಂಡು ಅಂಬೆಗಾಲಲ್ಲಿ ಗಾಡಿ ಎಳೆಯುತ್ತಿದ್ದರು. ಆ ವರ್ಷವೇ ಹೆಂಗಸರನ್ನೂ ಹುಡುಗಿಯರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ಭೂಗರ್ಭದ ಕೆಲಸಕ್ಕೆ ಇಳಿಸುವುದು ನಿಷಿದ್ಧವಾಯಿತು. ಆದರೆ ಇಡೀ ದೇಶದ ಗಣಿಗಳಿಗೆ ನೇಮಕವಾದ ತನಿಖಾಧಿಕಾರಿ ಒಬ್ಬರೇ. 1847ರಲ್ಲಿ ಬಟ್ಟೆ ಗಿರಣಿಗಳ ಹೆಂಗಸರಿಗೆ ಮತ್ತು ಹದಿಹರೆಯದವರಿಗೆ ದಿನಕ್ಕೆ ಹತ್ತು ಗಂಟೆಯ ಮಿತಿ ಬಂತು.

ಈ ನಡುವೆ ಪಕ್ಷವೇ ಒಡೆಯಿತು. 1834ರಲ್ಲಿ ಟ್ಯಾಮ್‌ವರ್ತ್ ಪ್ರಣಾಳಿಕೆಯ ಮೂಲಕ ಕಾಲಕ್ಕೆ ಹೊಂದಿಕೊಳ್ಳುವ ಪಾಠ ಹೇಳಿದ್ದ ಪ್ರಧಾನಿ ರಾಬರ್ಟ್ ಪೀಲ್, ಆಮದು ಧಾನ್ಯಕ್ಕೆ ಸುಂಕ ಹೇರಿ ಜಮೀನ್ದಾರರನ್ನು ಕಾಯುತ್ತಿದ್ದ ಧಾನ್ಯ ಕಾಯಿದೆಗಳನ್ನು 1846ರಲ್ಲಿ ರದ್ದುಮಾಡಿ ಅಧಿಕಾರ ಕಳೆದುಕೊಂಡರು. ಸ್ವಪಕ್ಷದವರೇ ಆದ ಪೀಲ್ ಮೇಲೆ ಅತ್ಯಂತ ಹರಿತವಾಗಿ ಹರಿಹಾಯ್ದವರು ಡಿಸ್ರೇಲಿ. ಇಂಗ್ಲೆಂಡಿನಲ್ಲಿ ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲದ ಎರಡು ರಾಷ್ಟ್ರಗಳಿವೆ, ಅವು ಶ್ರೀಮಂತರು ಮತ್ತು ಬಡವರು ಎಂದು ಅವರು 1845ರ ತಮ್ಮ ಕಾದಂಬರಿಯಲ್ಲಿ ಬರೆದಿದ್ದರು. ‘ಒಂದೇ ರಾಷ್ಟ್ರ’ದ ಬೇರು ಅಲ್ಲಿದೆ. ಬಳಿಕ ಪಕ್ಷಕ್ಕೆ ಸುಮಾರು ಮೂರು ದಶಕ ಬಹುಮತ ಸಿಗಲಿಲ್ಲ. 1866ರಲ್ಲಿ ಮತದಾನದ ಹಕ್ಕು ಕೇಳಿ ಬಂದ ಜನಜಂಗುಳಿಯ ನೂಕಿಗೆ ಲಂಡನ್ನಿನ ಹೈಡ್ ಪಾರ್ಕಿನ ಕಬ್ಬಿಣದ ಬೇಲಿ ಮುರಿದುಬಿತ್ತು. ಮರುವರ್ಷ ಕನ್ಸರ್ವೇಟಿವ್ ಸರ್ಕಾರವೇ ನಗರದ ಕಾರ್ಮಿಕರಲ್ಲಿ ಅನೇಕರಿಗೆ ಮತ ಕೊಟ್ಟಿತು, ಇಂಗ್ಲೆಂಡ್ ಮತ್ತು ವೇಲ್ಸ್‌ನ ಮತದಾರರ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಮುಂದಿನ ಸುಧಾರಣೆಗಳನ್ನು ಈ ಲೆಕ್ಕದ ಜೊತೆಗಿಟ್ಟು ಓದಬೇಕು.

1872ರಲ್ಲಿ ಮ್ಯಾಂಚೆಸ್ಟರಿನಲ್ಲೂ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲೂ ಮಾಡಿದ ಭಾಷಣಗಳಲ್ಲಿ ಡಿಸ್ರೇಲಿ ಜನರ ಆರೋಗ್ಯವೇ ಸರ್ಕಾರದ ಮೊದಲ ಕಾಳಜಿಯಾಗಬೇಕೆಂದರು. ಎದುರಾಳಿಗಳು ಇದನ್ನು ಚರಂಡಿ ರಾಜಕೀಯವೆಂದು ಹಂಗಿಸಿದರು. 1874ರಲ್ಲಿ ಬಹುಮತ ಬಂತು. ಆದರೆ ಪ್ರಧಾನಿಯ ಬಳಿ ಸಿದ್ಧ ಯೋಜನೆಗಳೇ ಇರಲಿಲ್ಲವೆಂದು ಅವರ ಗೃಹ ಸಚಿವ ರಿಚರ್ಡ್ ಕ್ರಾಸ್ ಮುಂದೆ ಬರೆದುಕೊಂಡರು. ಮಸೂದೆಗಳ ದುಡಿಮೆಯ ಬಹುಪಾಲು ಕ್ರಾಸ್ ಮತ್ತು ಅಧಿಕಾರಿಗಳದು.

1875ರ ಕಾಯಿದೆಗಳನ್ನು ಒಂದೇ ಉಸಿರಿನಲ್ಲಿ ಹೊಗಳುವುದು ವಾಡಿಕೆ. ಅವನ್ನು ಬಿಡಿಸಿ ನೋಡಿದರೆ ಎರಡು ಜಾತಿಯ ಕಾಯಿದೆಗಳು ಕಾಣುತ್ತವೆ. ಕೂಲಿಕಾರರ ವಸತಿ ಸುಧಾರಣೆಯ ಕಾಯಿದೆ ಕೊಳೆಗೇರಿಗಳನ್ನು ಕೊಂಡು ಕೆಡವುವ ಅಧಿಕಾರವನ್ನು ನಗರಸಭೆಗಳಿಗೆ ಕೊಟ್ಟಿತು, ಕೆಡವಲೇಬೇಕೆಂದು ಹೇಳಲಿಲ್ಲ. ಮಾಲೀಕರಿಗೆ ಪರಿಹಾರ ಕೊಡಬೇಕಿತ್ತು, ಅದರ ಹೊರೆ ಸ್ಥಳೀಯ ತೆರಿಗೆದಾರರ ಮೇಲೆ ಬೀಳುತ್ತಿತ್ತು. ಹಾಗಾಗಿ ಹೆಚ್ಚಿನ ಊರುಗಳು ಸುಮ್ಮನಿದ್ದವು. ಬರ್ಮಿಂಗ್‌ಹ್ಯಾಮ್ ಸುಮ್ಮನಿರದ ಕೆಲವೇ ಊರುಗಳಲ್ಲಿ ಒಂದು; ಅದು ಹಳೆಯ ಕೇರಿಗಳನ್ನು ಕೆಡವಿ ಹೊಸ ಹೆದ್ದಾರಿ ಎಳೆಯಿತು. ಆ ರಸ್ತೆಯ ಇಕ್ಕೆಲಗಳಲ್ಲಿ ಎದ್ದದ್ದು ಅಂಗಡಿಗಳು ಮತ್ತು ಕಚೇರಿಗಳು. ಗುಡಿಸಲು ಕಳೆದುಕೊಂಡವರು ಪಕ್ಕದ ಕೇರಿಗಳಲ್ಲಿ ಒತ್ತರಿಸಿಕೊಂಡರು. ಬಡವನ ಹೆಸರಿನಲ್ಲಿ ಬಂದ ಕಾಯಿದೆ ಬಡವನನ್ನೇ ಎಬ್ಬಿಸಿತು ಎನ್ನದೆ ವಿಧಿಯಿಲ್ಲ.

ಅದೇ ವರ್ಷದ ಸಾರ್ವಜನಿಕ ಆರೋಗ್ಯ ಕಾಯಿದೆ ಬೇರೆ ಬಗೆಯದು. ಅದು ಹಿಂದಿನ ಚದುರಿದ ಕಾನೂನುಗಳನ್ನು ಒಟ್ಟುಗೂಡಿಸಿ ಚರಂಡಿ, ನೀರು, ಕಸ ವಿಲೇವಾರಿಯ ಕರ್ತವ್ಯಗಳನ್ನು ಸ್ಥಳೀಯ ಆಡಳಿತಗಳಿಗೆ ಹೊರಿಸಿತು, ವೈದ್ಯಾಧಿಕಾರಿಯ ನೇಮಕ ಕಡ್ಡಾಯವೆಂದಿತು. 1936ರವರೆಗೂ ಇಂಗ್ಲೆಂಡಿನ ನೈರ್ಮಲ್ಯ ವ್ಯವಸ್ಥೆಗೆ ಅದೇ ತಳಹದಿ.

ಕಾರ್ಮಿಕ ಕಾನೂನುಗಳಲ್ಲಿ ಬದಲಾವಣೆ ಇನ್ನೂ ಆಳವಾಗಿತ್ತು. ಅದುವರೆಗೆ ಕರಾರು ಮುರಿದ ಧಣಿ ಹಣ ಕಟ್ಟಿ ಪಾರಾಗುತ್ತಿದ್ದ, ಕರಾರು ಮುರಿದ ಕೆಲಸಗಾರ ಜೈಲಿಗೆ ಹೋಗಬಹುದಿತ್ತು. ವರ್ಷಕ್ಕೆ ಸಾವಿರಾರು ಮಂದಿಯ ಮೇಲೆ ಇಂಥ ಮೊಕದ್ದಮೆಗಳು ಬೀಳುತ್ತಿದ್ದವು. 1875ರಲ್ಲಿ ಇದು ಇಬ್ಬರಿಗೂ ಸಮಾನವಾದ ಸಿವಿಲ್ ವ್ಯಾಜ್ಯವಾಯಿತು, ಶಾಂತಿಯುತ ಪಿಕೆಟಿಂಗ್ (ಮುಷ್ಕರದ ವೇಳೆ ಕಾರ್ಖಾನೆಯ ಮುಂದೆ ನಿಂತು ಉಳಿದವರನ್ನು ಒಲಿಸುವುದು) ಅಪರಾಧವಲ್ಲವೆಂದಾಯಿತು. ಕೇಳದೆ ಸಿಕ್ಕ ಕೊಡುಗೆ ಇದಲ್ಲ. ಕಾರ್ಮಿಕ ಸಂಘಗಳು ವರ್ಷಗಟ್ಟಲೆ ಪಟ್ಟುಹಿಡಿದಿದ್ದವು, ಈಗ ಸದಸ್ಯರಲ್ಲಿ ಅನೇಕರ ಕೈಯಲ್ಲಿ ಮತವೂ ಇತ್ತು. 1879ರಲ್ಲಿ ಕಾರ್ಮಿಕ ಸಂಸದ ಅಲೆಕ್ಸಾಂಡರ್ ಮ್ಯಾಕ್‌ಡೊನಾಲ್ಡ್, ಎದುರಾಳಿ ಲಿಬರಲ್ ಪಕ್ಷದವರು 50 ವರ್ಷಗಳಲ್ಲಿ ಮಾಡಿದ್ದಕ್ಕಿಂತ ಹೆಚ್ಚನ್ನು ಕನ್ಸರ್ವೇಟಿವ್ ಪಕ್ಷ ಐದೇ ವರ್ಷಗಳಲ್ಲಿ ದುಡಿಯುವ ವರ್ಗಕ್ಕೆ ಮಾಡಿದೆ ಎಂದರು. ಗಣಿಯಲ್ಲಿ ದುಡಿದು ಬಂದವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು.

ಹಡಗುಗಳ ವಿಷಯದಲ್ಲಿ ಮಾಲೀಕರನ್ನು ಕಟ್ಟಿಹಾಕಲು ಹಿಂಜರಿಯುವ ಹಳೆಯ ಅಂಜಿಕೆ ಮರುಕಳಿಸಿತು. ಮಿತಿಮೀರಿ ಸರಕು ತುಂಬಿದ ಹಡಗುಗಳಲ್ಲಿ ನಾವಿಕರು ಮುಳುಗಿ ಸಾಯುತ್ತಿದ್ದರು. ಇದನ್ನು ತಡೆಯುವ ಮಸೂದೆಯನ್ನು ಸರ್ಕಾರ ಕೈಬಿಟ್ಟಾಗ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ 1875ರ ಜುಲೈನಲ್ಲಿ ಸದನದಲ್ಲೇ ಮುಷ್ಟಿ ಎತ್ತಿ ಕೂಗಾಡಿದರು. 1876ರ ಕಾಯಿದೆ ಹಡಗಿನ ಮೈಮೇಲೆ ಸರಕಿನ ಮಿತಿ ತೋರುವ ಭಾರದ ಗೆರೆ ಎಳೆಯಬೇಕೆಂದಿತು, ಆದರೆ ಎಲ್ಲಿ ಎಳೆಯಬೇಕೆಂಬುದನ್ನು ಮಾಲೀಕನಿಗೇ ಬಿಟ್ಟಿತು. ಗೆರೆಯ ಜಾಗ ಕಾನೂನಿನಿಂದ ನಿಗದಿಯಾದದ್ದು 1890ರಲ್ಲಿ.

ಬ್ರಿಟನ್ನಿನ ಹೊರಗೂ ಇಂಥದ್ದು ನಡೆಯಿತು: ಜರ್ಮನಿಯಲ್ಲಿ ಸಂಪ್ರದಾಯವಾದಿ ಚಾನ್ಸಲರ್ ಬಿಸ್ಮಾರ್ಕ್ 1878ರಲ್ಲಿ ಸಮಾಜವಾದಿಗಳ ಸಂಘಟನೆಗಳನ್ನು ನಿಷೇಧಿಸಿ, 1883ರಿಂದ 1889ರೊಳಗೆ ಕಾಯಿಲೆ, ಅಪಘಾತ, ವೃದ್ಧಾಪ್ಯದ ವಿಮೆಗಳನ್ನು ತಂದರು. ಅಲ್ಲಿ ದಯೆ ಮತ್ತು ದಂಡ ಜೊತೆಯಾಗಿ ಬಂದವು.

ಬ್ರಿಟನ್ನಿನಲ್ಲಿ ಮುಂದಿನ ಕಥೆ ಬೇಗ ಹೇಳಬಹುದಾದದ್ದು. 1925ರಲ್ಲಿ ನೆವಿಲ್ ಚೇಂಬರ್ಲಿನ್ ವಿಧವೆಯರಿಗೆ, ಅನಾಥರಿಗೆ, ವೃದ್ಧರಿಗೆ ವಂತಿಗೆ ಆಧಾರಿತ ಪಿಂಚಣಿ ತಂದರು. ನಿರುದ್ಯೋಗ ಕಾಡಿದ ಸ್ಟಾಕ್ಟನ್ನಿನ ಸಂಸದರಾಗಿದ್ದ ಹೆರಾಲ್ಡ್ ಮ್ಯಾಕ್‌ಮಿಲನ್ 1950ರ ದಶಕದಲ್ಲಿ ವಸತಿ ಸಚಿವರಾಗಿ ವರ್ಷಕ್ಕೆ ಮೂರು ಲಕ್ಷ ಮನೆಗಳ ಗುರಿ ಮುಟ್ಟಿಸಿದರು. 1980ರಲ್ಲಿ ಅದೇ ಪಕ್ಷದ ಸರ್ಕಾರ ನಗರಸಭೆಯ ಬಾಡಿಗೆದಾರರಿಗೆ ತಾವಿದ್ದ ಮನೆಯನ್ನು ರಿಯಾಯಿತಿ ದರದಲ್ಲಿ ಕೊಳ್ಳುವ ಹಕ್ಕು ಕೊಟ್ಟಿತು. ಅದನ್ನು ‘ಒಂದೇ ರಾಷ್ಟ್ರ’ದ ಫಲವೆನ್ನುವವರೂ ಇದ್ದಾರೆ, ಅದರ ಅಂತ್ಯವೆನ್ನುವವರೂ ಇದ್ದಾರೆ. ಕೊಂಡವರು ಮನೆಯ ಒಡೆಯರಾದರು. ಮಾರಿದಷ್ಟು ಹೊಸ ಮನೆಗಳನ್ನು ನಗರಸಭೆಗಳು ಕಟ್ಟಲಿಲ್ಲ, ಕಟ್ಟಬೇಕೆಂದು ಕಾಯಿದೆಯೂ ಹೇಳಿರಲಿಲ್ಲ.