ಫ್ರೀಸಿಂಕ್ ಆನ್ ಇದ್ದರೂ ಚಿತ್ರ ಮಸುಕಾಗುವುದು ಯಾಕೆ?

ಪ್ರಶ್ನೆ: 144 ಹರ್ಟ್ಜ್ ಮಾನಿಟರ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು) ತಗೊಂಡೆ. ಮಾನಿಟರ್ ತನ್ನ ವೇಗವನ್ನು ಗ್ರಾಫಿಕ್ಸ್ ಕಾರ್ಡಿಗೆ ಹೊಂದಿಸಿಕೊಳ್ಳುವ ಫ್ರೀಸಿಂಕ್ ಆನ್ ಇದೆ. ಆದರೂ ಗೇಮಿನಲ್ಲಿ ಬೇಗ ತಿರುಗಿದರೆ ಎಲ್ಲ ಮಸುಕು. ಫ್ರೀಸಿಂಕ್ ಇದ್ದರೆ ಬ್ಲರ್ ಇರುವುದೇ ಇಲ್ಲ ಅಂತ ಹಂಪನಕಟ್ಟೆಯ ಅಂಗಡಿಯಲ್ಲಿ ಹೇಳಿದ್ದರು. ಪೀಸ್ ಹಾಳಾಗಿದೆಯಾ?

ಇಲ್ಲ ಮಾರಾಯ್ರೆ, ಪೀಸ್ ಸರಿ ಇದೆ, ಹೇಳಿದ ಮಾತೇ ಸರಿ ಇಲ್ಲ. ಚಿತ್ರವನ್ನು ಬೇಕೆಂದೇ ಮಸುಕು ಮಾಡುವ, ಗೇಮಿನೊಳಗಿನ ಮೋಷನ್ ಬ್ಲರ್ ಆಯ್ಕೆ ಆಫ್ ಮಾಡಿ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಇನ್ನೂ 60 ಹರ್ಟ್ಜ್ ಇದೆಯಾ ನೋಡಿ, ಎಷ್ಟೋ ಜನರದ್ದು ಹಾಗೇ ಇರುತ್ತದೆ.

ಈಗ ಆ ಹಠಮಾರಿ ನಂಬಿಕೆಗೆ ಬರೋಣ. 2013ರಲ್ಲಿ ಎನ್ವಿಡಿಯಾ ಜಿ-ಸಿಂಕ್ ತಂದದ್ದೂ, ಆಮೇಲೆ ಎಎಂಡಿ ಫ್ರೀಸಿಂಕ್ ತಂದದ್ದೂ ಚಿತ್ರ ಅಡ್ಡಕ್ಕೆ ಕತ್ತರಿಸಿದ ಹಾಗೆ ಕಾಣುವ ಟೇರಿಂಗ್ ಮತ್ತು ತಡವರಿಕೆ ತಪ್ಪಿಸಲಿಕ್ಕೆ. ಬ್ಲರ್‌ಗೆ ಅಲ್ಲ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಆಯಿತು ಅಂತ, ಹತ್ತುವವನ ಒಂದು ಕಾಲು ಕೆಳಗಿದ್ದರೂ ಹೊರಟೇ ಬಿಡುವ ಬಸ್ಸು ಹಳೇ ಮಾನಿಟರ್. ಫ್ರೀಸಿಂಕ್ ಇರುವ ಬಸ್ಸು ಅವನು ಹತ್ತುವವರೆಗೆ ಕಾಯುತ್ತದೆ, ಅಂದರೆ ಗ್ರಾಫಿಕ್ಸ್ ಕಾರ್ಡ್ ಮುಂದಿನ ಫ್ರೇಮ್ (ಒಂದು ಚಿತ್ರ) ಪೂರ್ತಿ ಕೊಡುವವರೆಗೆ ಮಾನಿಟರ್ ಕಾಯುತ್ತದೆ. ಕಾದ ಮಾತ್ರಕ್ಕೆ ಉಡುಪಿಗೆ ಬೇಗ ಮುಟ್ಟುತ್ತದಾ?

ಬ್ಲರ್ ಹುಟ್ಟುವುದು ಮಾನಿಟರ್ ಮತ್ತು ನಿಮ್ಮ ಕಣ್ಣಿನ ನಡುವೆ. ಸೆಕೆಂಡಿಗೆ 60 ಫ್ರೇಮ್ ಓಡುವಾಗ ಒಂದೊಂದು ಫ್ರೇಮ್ ಸುಮಾರು 16.7 ಮಿಲಿಸೆಕೆಂಡ್ ಅಲುಗಾಡದೆ ನಿಂತಿರುತ್ತದೆ. ಕಣ್ಣು ಮಾತ್ರ ವೈರಿಯ ಹಿಂದೆ ಜಾರುತ್ತಲೇ ಇರುತ್ತದೆ. ಅವನು ಸೆಕೆಂಡಿಗೆ 960 ಪಿಕ್ಸೆಲ್ ಓಡುತ್ತಿದ್ದರೆ ಅಷ್ಟರಲ್ಲಿ ಕಣ್ಣು 16 ಪಿಕ್ಸೆಲ್ ಮುಂದೆ ಹೋಯಿತು, ಚಿತ್ರ ಅಷ್ಟೇ ಅಗಲಕ್ಕೆ ಉಜ್ಜಿಕೊಂಡಿತು. 144 ಫ್ರೇಮ್ ಬಂದರೆ ಅದು ಸುಮಾರು 7 ಪಿಕ್ಸೆಲ್‌ಗೆ ಇಳಿಯುತ್ತದೆ. ಒಎಲ್‌ಇಡಿ ಪರದೆಯ, ತಾವೇ ಬೆಳಗುವ ಪಿಕ್ಸೆಲ್‌ಗಳು ಎಷ್ಟೇ ಚುರುಕಾಗಿರಲಿ, ಈ ಲೆಕ್ಕ ಅದಕ್ಕೂ ಬಿಟ್ಟದ್ದಲ್ಲ.

ನಂಬಿಕೆ ಬರಲಿಲ್ಲವಾ? ಗೇಮನ್ನು 60 ಫ್ರೇಮ್‌ಗೆ ಕಟ್ಟಿಹಾಕಿ, ಫ್ರೀಸಿಂಕ್ ಆನ್ ಇಟ್ಟು, ಗೋಡೆಯ ಮೇಲಿನ ಬರಹವನ್ನು ಕಣ್ಣಲ್ಲೇ ಹಿಂಬಾಲಿಸುತ್ತಾ ನಿಧಾನ ತಿರುಗಿ. ಓದಲಿಕ್ಕೆ ಕಷ್ಟವಾಗುತ್ತದೆ. ಆಮೇಲೆ ಕಟ್ಟು ಬಿಚ್ಚಿ 140ರ ಹತ್ತಿರ ಓಡಿಸಿ ನೋಡಿ. ಎರಡೂ ಸಲ ಫ್ರೀಸಿಂಕ್ ಆನ್ ಇತ್ತು ಅಲ್ವಾ, ಬದಲಾದದ್ದು ಫ್ರೇಮ್ ಮಾತ್ರ. ಅಂದರೆ ನಿಮ್ಮ ಗ್ರಾಫಿಕ್ಸ್ ಕಾರ್ಡ್ 70 ಫ್ರೇಮ್ ಕೊಡುತ್ತಿದ್ದರೆ ನೀವು ನೋಡುತ್ತಿರುವುದು 70 ಹರ್ಟ್ಜ್‌ನ ಬ್ಲರ್, ಡಬ್ಬದ ಮೇಲೆ 144 ಅಂತ ಎಷ್ಟು ದೊಡ್ಡದಾಗಿ ಬರೆದಿದ್ದರೂ ಸರಿ.

ಇನ್ನೊಂದು ಸಾಕ್ಷಿ ಮಾನಿಟರ್ ಮೆನುವಿನಲ್ಲೇ ಇರಬಹುದು. ಬ್ಲರ್ ಕಡಿಮೆ ಮಾಡುವ ಬೇರೆಯೇ ಆಯ್ಕೆ ತುಂಬ ಮಾನಿಟರ್‌ಗಳಲ್ಲಿದೆ. ಅದು ಬ್ಯಾಕ್‌ಲೈಟನ್ನು ಪ್ರತಿ ಫ್ರೇಮ್‌ಗೂ ಒಮ್ಮೆ ಮಿಂಚಿಸಿ ಆರಿಸುತ್ತದೆ. ಬೆಳಕು ಕಡಿಮೆಯಾಗುತ್ತದೆ, ಚಿತ್ರ ಚೂಪಾಗುತ್ತದೆ. ಹೆಚ್ಚಿನವುಗಳಲ್ಲಿ ಅದನ್ನು ಆನ್ ಮಾಡಿದರೆ ಫ್ರೀಸಿಂಕ್ ತಾನಾಗಿಯೇ ಆಫ್. ಎರಡೂ ಒಂದೇ ಕೆಲಸ ಮಾಡುತ್ತಿದ್ದರೆ ಸುಮ್ನೆ ಯಾರು ಹೀಗೆ ಮಾಡುತ್ತಾರೆ?

ಫ್ರೀಸಿಂಕ್ ಆಫ್ ಮಾಡಿ ಅಂತ ನಾನು ಹೇಳಿಲ್ಲ, ಆನ್ ಇರಲಿ. ಆದರೆ ರಾತ್ರಿ ಲೈಟ್ ಆರಿಸಿ ಆಡುವವರು ಲೋಡಿಂಗ್ ಸ್ಕ್ರೀನಿನಲ್ಲಿ ಬೆಳಕು ಪಟಪಟ ಮಿಣುಕಿದರೆ ಮೆಸ್ಕಾಂಗೆ ಬೈಯಬೇಡಿ. ಫ್ರೇಮ್ ದಿಢೀರ್ ಏರಿ ಇಳಿದಾಗ ವಿಎ (ಒಂದು ಬಗೆಯ ಎಲ್‌ಸಿಡಿ) ಮತ್ತು ಒಎಲ್‌ಇಡಿ ಪ್ಯಾನೆಲ್‌ಗಳ ಕಪ್ಪು ಭಾಗದಲ್ಲಿ ಹೊಳಪು ಸ್ವಲ್ಪ ಆಚೀಚೆ ಆಗುತ್ತದೆ. ಫ್ರೇಮ್ ಮಿತಿ ಹಾಕಿ ಒಂದೇ ಮಟ್ಟದಲ್ಲಿ ಓಡಿಸಿದರೆ ಜಾಸ್ತಿ ಕಾಣುವುದಿಲ್ಲ.