ತೌಡು ಜಾಸ್ತಿ ಹಾಕಿದರೆ ಮೀನು ಬೇಗ ಬೆಳೆಯುತ್ತಾ?

ಪ್ರಶ್ನೆ: ಕೃಷಿಹೊಂಡದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದೇವೆ. ಶೇಂಗಾ ಹಿಂಡಿ ದುಬಾರಿ. ಅದನ್ನು ಕಡಿಮೆ ಮಾಡಿ ಅಕ್ಕಿ ತೌಡು, ಮೆಕ್ಕೆಜೋಳದ ನುಚ್ಚನ್ನೇ ಜಾಸ್ತಿ ಹಾಕಬಹುದಾ?

ಉತ್ತರ: ಒಂದು ಮಿತಿಯವರೆಗೆ ಹಾಕಬಹುದು. ಮಿತಿ ದಾಟಿದರೆ ಮೀನಿಗೆ ಕೊಬ್ಬು ಬರುತ್ತದೆ, ಮಾಂಸ ಬರುವುದಿಲ್ಲ.

ಮೀನಿನ ಮೈ ಕಟ್ಟುವುದು ಪ್ರೋಟೀನ್. ಈಜಲು, ಉಸಿರಾಡಲು ಬೇಕಾದ ಶಕ್ತಿ ತೌಡು, ಮೆಕ್ಕೆಜೋಳದಲ್ಲಿರುವ ಪಿಷ್ಟದಿಂದ ಸಿಗದಿದ್ದರೆ ಮೀನು ಆ ದುಬಾರಿ ಪ್ರೋಟೀನನ್ನೇ ಸುಟ್ಟುಕೊಳ್ಳುತ್ತದೆ. ಹಾಗೆ ಸುಟ್ಟಾಗ ಕಿವಿರಿನಿಂದ ಅಮೋನಿಯಾ ಹೊರಬಂದು ನೀರೂ ಕೆಡುತ್ತದೆ. ಹಾಗಾಗಿ ಆಹಾರದಲ್ಲಿ ಪಿಷ್ಟ ಇರಲೇಬೇಕು. ಅದು ಪ್ರೋಟೀನನ್ನು ಬೆಳವಣಿಗೆಗೆ ಉಳಿಸಿಕೊಡುತ್ತದೆ.

ಆದರೆ ಪಿಷ್ಟ ಅರಗಿದಾಗ ಬರುವ ಸಕ್ಕರೆ ಅಂಶವನ್ನು ನಿಭಾಯಿಸುವ ಶಕ್ತಿ ಮೀನಿಗೆ ಕಡಿಮೆ. ಇನ್ಸುಲಿನ್ ಇದೆ, ಆದರೆ ಅದನ್ನು ಗ್ಲೂಕೋಸ್‌ಗಿಂತ ಪ್ರೋಟೀನ್ ಅರಗಿದಾಗ ಬರುವ ಅಮೈನೋ ಆಮ್ಲಗಳೇ ಹೆಚ್ಚು ಎಬ್ಬಿಸುತ್ತವೆ. ಊಟವಾದ ಮೇಲೆ ಸಕ್ಕರೆ ರಕ್ತದಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ. ಟ್ರೌಟ್, ಸೀಬಾಸ್‌ನಂಥ ಮಾಂಸಾಹಾರಿ ಮೀನುಗಳಿಗೆ ಆಹಾರದಲ್ಲಿ ಪಿಷ್ಟ ಸುಮಾರು ಶೇ. 20 ದಾಟಬಾರದು. ಕಾಟ್ಲಾ, ರೋಹುವಿನಂಥ ನಮ್ಮ ಗೆಂಡೆ ಮೀನುಗಳು ಈ ವಿಷಯದಲ್ಲಿ ಗಟ್ಟಿ. ಹೊಟ್ಟೆಚೀಲವಿಲ್ಲ, ಕರುಳು ಉದ್ದ, ಪಿಷ್ಟ ಕರಗಿಸುವ ಕಿಣ್ವ ಚೆನ್ನಾಗಿದೆ. ಶೇ. 30–40ರವರೆಗೂ ತಾಳಿಕೊಳ್ಳುತ್ತವೆ. ಅದಕ್ಕೂ ಮೀರಿದ್ದು ಯಕೃತ್ತಿನಲ್ಲಿ, ಹೊಟ್ಟೆಯೊಳಗೆ ಕೊಬ್ಬಾಗಿ ಕೂರುತ್ತದೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ತೌಡಿನಲ್ಲಿ ಪ್ರೋಟೀನ್ ಸುಮಾರು ಶೇ. 12, ಶೇಂಗಾ ಹಿಂಡಿಯಲ್ಲಿ ಶೇ. 42ರ ಆಸುಪಾಸು. ಸಮಸಮ ಬೆರೆಸಿದರೆ ಶೇ. 27 ಆಗುತ್ತದೆ. ಬೆಳೆಯುವ ರೋಹುಗೆ ಇದು ಸಾಕು. ಮೂರು ಪಾಲು ತೌಡಿಗೆ ಒಂದು ಪಾಲು ಹಿಂಡಿ ಅಂದರೆ ಶೇ. 20ಕ್ಕೆ ಇಳಿಯುತ್ತದೆ. ಗೊಬ್ಬರ ಹಾಕಿದ ಮಣ್ಣಿನ ಕೆರೆಯಲ್ಲಾದರೆ ಆ ಕೊರತೆಯನ್ನು ನೀರಿನ ಸಣ್ಣ ಜೀವಿಗಳು ತುಂಬಿಕೊಡುತ್ತವೆ, ಕಾಟ್ಲಾಗೆ ಅವೇ ಮುಖ್ಯ ಊಟ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ಆ ಜೀವಿಗಳು ಕಡಿಮೆ. ಅಲ್ಲಿ ಹಿಂಡಿ ಇಳಿಸಿದರೆ ಪೆಟ್ಟು ನೇರವಾಗಿ ಬೆಳವಣಿಗೆಗೇ ಬೀಳುತ್ತದೆ. ಅದಕ್ಕೇ ನಿಮ್ಮ ಹೊಂಡಕ್ಕೆ ಹಾಳೆ ಹಾಸಿದೆಯಾ ಅನ್ನುವುದನ್ನು ಮೊದಲು ನೋಡಿ, ಆಮೇಲೆ ಹಿಂಡಿ ಕಡಿಮೆ ಮಾಡುವ ಮಾತು. ಮರಿಗಳಿಗಂತೂ ಬೇಡವೇ ಬೇಡ, ಅವಕ್ಕೆ ಪ್ರೋಟೀನ್ ಇನ್ನೂ ಜಾಸ್ತಿ ಬೇಕು.

ಮೆಕ್ಕೆಜೋಳದ ನುಚ್ಚನ್ನು ಸುಮ್ನೆ ಹಾಗೇ ಎರಚಬೇಡಿ. ಹಸಿ ಪಿಷ್ಟ ಸರಿಯಾಗಿ ಅರಗುವುದಿಲ್ಲ, ಎಷ್ಟೋ ಪಾಲು ಹಿಕ್ಕೆಯಾಗಿ ತಳ ಸೇರುತ್ತದೆ. ರಾತ್ರಿ ನೆನೆಸಿದರೆ ಮೆತ್ತಗಾಗುತ್ತದೆ ಅಷ್ಟೇ. ಗಂಜಿಯ ಹಾಗೆ ಬೇಯಿಸಿ, ಆರಿಸಿ, ತೌಡು-ಹಿಂಡಿಯ ಜೊತೆ ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟು ನೀರಿಗೆ ಇಳಿಸಿ. ಅಂಗಡಿಯಲ್ಲಿ ಸಿಗುವ ತೇಲುವ ಆಹಾರ ಚೆನ್ನಾಗಿ ಅರಗುವುದಕ್ಕೂ ಇದೇ ಕಾರಣ, ಅದರ ಪಿಷ್ಟ ಯಂತ್ರದಲ್ಲೇ ಬೆಂದಿರುತ್ತದೆ. ತೌಡನ್ನು ತಾಜಾ ಇದ್ದಾಗಲೇ ತನ್ನಿ, ಬೇಗ ಕಮಟುತ್ತದೆ. ಬೂಸು ಹಿಡಿದ ಹಿಂಡಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಮುಟ್ಟಬೇಡಿ.